ದವಡೆ ಹಲ್ಲು ಉಳಿಸೋಕೆ ಅವರದ್ದೇ ರಕ್ತ: ನನ್ನ ಅನುಭವ

ನಾನು ಹಾಸನದಲ್ಲಿ ವಸಡಿನ ಡಾಕ್ಟರ್. ಹೋದ ವರ್ಷ ಸಕಲೇಶಪುರ ಕಡೆಯಿಂದ ಒಬ್ಬ ಅಮ್ಮ ಬಂದ್ರು, "ಕೆಳಗಿನ ದವಡೆ ಹಲ್ಲು ಅಲ್ಲಾಡ್ತದೆ, ಕಿತ್ತಾಕ್ಬಿಡು ಮಗಾ" ಅಂತ. ಹಲ್ಲು-ವಸಡಿನ ಸಂದಿ ಎಷ್ಟು ಆಳ ಅಂತ ಅಳೆಯೋ ಕಡ್ಡಿ, ಅಂದ್ರೆ ಪ್ರೋಬ್ ಇಟ್ರೆ 8 ಮಿ.ಮೀ. ಒಳಗೆ ಹೋಯ್ತು, ಎಕ್ಸ್‌ರೇಲಿ ಬೇರಿನ ಒಂದು ಪಕ್ಕ ಬಾವಿ ತೋಡಿದಂಗೆ ಮೂಳೆ ಕರಗಿತ್ತು. ಅವರದ್ದೇ ರಕ್ತದಿಂದ ಮಾಡಿದ ಗಡ್ಡೆ ತುಂಬಿ ಹಲ್ಲು ಉಳಿಸಬಹುದು ಅಂತ ನಂಗೆ ಆಸೆ ಹುಟ್ಟಿದ್ದೇ ಆ ಬಾವಿ ನೋಡಿ. ಮೂಳೆ ಸುತ್ತ ಒಂದೇ ಸಮ ತಗ್ಗಿಹೋಗಿದ್ರೆ ಒಳಗೆ ಹಾಕಿದ್ದು ನಿಲ್ಲೋಕೆ ಗೋಡೆನೇ ಇರಲ್ಲ, ಅಂಥವರಿಗೆ ನಾನು ಈ ಚಿಕಿತ್ಸೆ ಹೇಳೋದೇ ಇಲ್ಲ.

ಮೊದಲು ಕ್ಲೀನಿಂಗ್ ಮಾಡಿ, ಶುಗರ್ ನೋಡಿ, ಎಲೆಅಡಿಕೆ ಜೊತೆ ಹಾಕ್ತಿದ್ದ ಹೊಗೆಸೊಪ್ಪು ಬಿಡಿಸಿದ್ವಿ, ಅದಕ್ಕೇ ಎರಡು ತಿಂಗಳು ಹಿಡೀತು.

ಪಿಆರ್‌ಎಫ್ (ಪ್ಲೇಟ್ಲೆಟ್ ರಿಚ್ ಫೈಬ್ರಿನ್, ಅಂದ್ರೆ ಪ್ಲೇಟ್ಲೆಟ್ ತುಂಬಿರೋ ರಕ್ತದ ಹೆಪ್ಪು) ಅನ್ನೋ ಈ ವಿಧಾನ ಫ್ರಾನ್ಸಿನ ಡಾಕ್ಟರ್ ಶೂಕ್ರೂನ್ ಅವರು 2001ರಲ್ಲಿ ತಂದಿದ್ದು. ಕೈಯಿಂದ 10 ಮಿ.ಲೀ. ರಕ್ತ, ಟ್ಯೂಬಲ್ಲಿ ಹೆಪ್ಪು ತಡೆಯೋ ಯಾವ ಕೆಮಿಕಲ್ಲೂ ಇರಲ್ಲ, ಹಾಗಾಗಿ ತೆಗೆದ ತಕ್ಷಣ ಓಡಿಹೋಗಿ, ಜೋರಾಗಿ ತಿರುಗಿಸಿ ರಕ್ತದ ಪದರ ಬೇರೆ ಮಾಡೋ ಮೆಷಿನ್‌ಗೆ ಹಾಕ್ಬೇಕು, ನಿಮಿಷಕ್ಕೆ 2700 ಸುತ್ತು, 12 ನಿಮಿಷ. ಅವತ್ತು ಜೋರು ಮಳೆ, ನಾಲ್ಕನೇ ನಿಮಿಷಕ್ಕೆ ಕರೆಂಟ್ ಹೋಯ್ತು, ಮೆಷಿನ್‌ಗೆ ಯುಪಿಎಸ್ ಕೊಟ್ಟಿರಲಿಲ್ಲ ನಾನು, ಟ್ಯೂಬಲ್ಲಿ ರಕ್ತ ಹಂಗೇ ಕೆಂಪಗೆ ಮುದ್ದೆಯಾಗಿ ಕೂತ್ಕೊಳ್ತು. ಕರೆಂಟ್ ಬಂದ್ಮೇಲೆ "ಇನ್ನೊಂದ್ಸಲ ಚುಚ್ಬೇಕು ಅಮ್ಮ" ಅನ್ನೋಕೆ ಬಾಯೇ ಬರ್ಲಿಲ್ಲ ನಂಗೆ. ಅವರು ಸುಮ್ನೆ ಇನ್ನೊಂದು ಕೈ ಚಾಚಿದ್ರು. ಯುಪಿಎಸ್ ಅದೇ ವಾರ ಹಾಕಿಸ್ದೆ.

ಎರಡನೇ ಸಲ ಚೆನ್ನಾಗಿ ಬಂತು, ಮೇಲೆ ತಿಳಿ ಹಳದಿ ನೀರು, ತಳದಲ್ಲಿ ಕೆಂಪು, ನಡುವೆ ಗಿಣ್ಣಿನ ತುಂಡಿನಂಥ ಮೆತ್ತನೆ ಗಡ್ಡೆ. ಕತ್ತರಿಸುವಾಗ ಕೆಂಪಿನ ಅಂಚು ಒಂಚೂರು ಬಿಟ್ಕೋಬೇಕು, ರಕ್ತ ಹೆಪ್ಪುಗಟ್ಟಿಸೋ ಸಣ್ಣ ಕಣಗಳು, ಅಂದ್ರೆ ಪ್ಲೇಟ್ಲೆಟ್ ಜಾಸ್ತಿ ಇರೋದು ಅಲ್ಲೇ, ಗಾಯ ಮಾಯೋಕೆ ಬೇಕಾದ ಅಂಶಗಳನ್ನ ಒಂದು ವಾರ ನಿಧಾನಕ್ಕೆ ಬಿಡ್ತಾ ಇರೋದೂ ಅದೇ. ವಸಡು ಬಿಡಿಸಿ ನೋಡಿದ್ರೆ ಬಾವಿಗೆ ಮೂರು ಕಡೆ ಗೋಡೆ ಗಟ್ಟಿಯಾಗಿತ್ತು. ಬೇರಿಗೆ ಕಚ್ಚಿದ್ದ ಕಲ್ಲೆಲ್ಲ ಕೆರೆದು, ಸಡಿಲ ಮಾಂಸ ತೆಗೆದು, ಆ ಗಡ್ಡೆನ ಬಾವಿಗೆ ತುಂಬಿ ಹೊಲಿಗೆ ಹಾಕ್ದೆ. ಕೆರೆಯೋದು ಸರಿಯಾಗ್ಲಿಲ್ಲ ಅಂದ್ರೆ ಏನು ತುಂಬಿದ್ರೂ ವ್ಯರ್ಥ.

ಒಂಬತ್ತು ತಿಂಗಳಾದ್ಮೇಲೆ ಪ್ರೋಬ್ 4 ಮಿ.ಮೀ.ಗೆ ನಿಂತಿತು, ಎಕ್ಸ್‌ರೇಲಿ ಕಪ್ಪಗಿದ್ದ ಬಾವಿ ತಳದಿಂದ ಅರ್ಧಕ್ಕಿಂತ ಮೇಲೆ ಬೆಳ್ಳಗಾಗಿತ್ತು. ಪೂರ್ತಿ ತುಂಬಿಲ್ಲ, ಅದನ್ನೂ ಅವರಿಗೆ ತೋರಿಸಿ ಹೇಳ್ದೆ. "ಅಕ್ಕಿರೊಟ್ಟಿ ಆ ಕಡೆಯಿಂದ್ಲೇ ಅಗೀತಿದೀನಿ ಮಗಾ" ಅಂದ್ರು. ಮೂರು ತಿಂಗಳಿಗೊಂದ್ಸಲ ಕ್ಲೀನಿಂಗ್‌ಗೆ ಬಸ್ ಹತ್ತಿ ಬರ್ತಿದಾರೆ.