ನ್ಯಾಯಮೂರ್ತಿ ಚುನಾವಣೆಗೆ ಸರ್ಕಾರಿ ಹಣ: ವೆಸ್ಟ್ ವರ್ಜೀನಿಯಾದಲ್ಲಿ ಪಡೆಯುವುದು ಹೇಗೆ?

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ಮತದಾರರೇ ಆರಿಸುತ್ತಾರೆ. 2004ರಲ್ಲಿ ಮ್ಯಾಸಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥ ಡಾನ್ ಬ್ಲಾಂಕನ್‌ಶಿಪ್, ಕಂಪನಿಯ ವಿರುದ್ಧ ಬಂದಿದ್ದ 5 ಕೋಟಿ ಡಾಲರ್ ಪರಿಹಾರದ ತೀರ್ಪು ಮೇಲ್ಮನವಿಗೆ ಹೋಗಲಿದ್ದ ಹೊತ್ತಿನಲ್ಲೇ, ಆ ಕೋರ್ಟಿಗೆ ಸ್ಪರ್ಧಿಸಿದ್ದ ಬ್ರೆಂಟ್ ಬೆಂಜಮಿನ್ ಗೆಲುವಿಗಾಗಿ ಸುಮಾರು 30 ಲಕ್ಷ ಡಾಲರ್ ಸುರಿದರು. ಗೆದ್ದ ಬೆಂಜಮಿನ್ ಆ ಮೇಲ್ಮನವಿಯ ವಿಚಾರಣೆಯಿಂದ ಹಿಂದೆ ಸರಿಯಲಿಲ್ಲ. ಸರಿಯಲೇಬೇಕಿತ್ತೆಂದು 2009ರಲ್ಲಿ ದೇಶದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೇಳಿತು. ಮರುವರ್ಷ ಪ್ರಾಯೋಗಿಕವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ, ಪ್ರಚಾರಕ್ಕೆ ಸರ್ಕಾರಿ ಹಣ ಕೊಡುವ ಯೋಜನೆಯು ಅಭ್ಯರ್ಥಿಗಳನ್ನು ಇಂಥ ಋಣದಿಂದ ಬಿಡಿಸಲೆಂದೇ ಇದೆ. ಆದರೆ ಹಣ ಕೈಸೇರುವ ಮೊದಲೇ ಹಲವು ತಂಡಗಳು ಒಂದೇ ಕಡೆ ಎಡವುತ್ತವೆ.

ಮೊದಲು, ಯೋಜನೆಗೆ ಸೇರುವ ಉದ್ದೇಶವನ್ನು ರಾಜ್ಯದ ಕಾರ್ಯದರ್ಶಿಯ ಕಚೇರಿಗೆ ಲಿಖಿತವಾಗಿ ಘೋಷಿಸಬೇಕು. ಇದು ಸುಲಭದ ಕೆಲಸ. ದೇಣಿಗೆ ಪಡೆಯುವ ಮುನ್ನವೇ ಮುಗಿಸಿಬಿಡಿ.

ಎರಡನೆಯದು ಅರ್ಹತಾ ದೇಣಿಗೆಯ, ಅಂದರೆ ಸರ್ಕಾರಿ ಹಣಕ್ಕೆ ಅರ್ಹತೆ ತಂದುಕೊಡುವ ಸಣ್ಣ ದೇಣಿಗೆಗಳ ಸಂಗ್ರಹ. ರಾಜ್ಯದ ನೋಂದಾಯಿತ ಮತದಾರರಲ್ಲಿ ಕನಿಷ್ಠ 500 ಮಂದಿಯಿಂದ, ತಲಾ 1ರಿಂದ 100 ಡಾಲರ್‌ವರೆಗೆ ಪಡೆಯಬೇಕು. ಒಟ್ಟು ಮೊತ್ತ 35,000 ಡಾಲರ್‌ಗಿಂತ ಕಡಿಮೆ ಇರಬಾರದು, 50,000 ಮೀರಬಾರದು. ದೇಣಿಗೆಗಳ ಸಂಖ್ಯೆಯಲ್ಲಿ ಕನಿಷ್ಠ ಶೇ 10ರಷ್ಟು ರಾಜ್ಯದ ಪ್ರತಿಯೊಂದು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಿಂದಲೂ ಬಂದಿರಬೇಕು. ಈ ಷರತ್ತುಗಳನ್ನು ಬಿಡಿಬಿಡಿಯಾಗಿ ಓದುವವರು ಲೆಕ್ಕ ತಪ್ಪುತ್ತಾರೆ. ಎಲ್ಲರೂ 20 ಡಾಲರ್ ಕೊಟ್ಟರೆ 500 ಮಂದಿಯಿಂದ ಬರುವುದು ಕೇವಲ 10,000. ಬೇಗ ಮುಗಿಯಲೆಂದು ಎಲ್ಲರಿಂದಲೂ 100 ಡಾಲರ್ ಪಡೆದರೆ 500ನೆಯ ರಸೀದಿಗೆ ಸರಿಯಾಗಿ 50,000ದ ಮಿತಿ ತುಂಬುತ್ತದೆ. ಆಮೇಲೆ ಪರಿಶೀಲನೆಯಲ್ಲಿ ಹತ್ತು ರಸೀದಿ ತಿರಸ್ಕೃತವಾದರೂ ತಲೆ ಎಣಿಕೆ 490ಕ್ಕೆ ಇಳಿಯುತ್ತದೆ, ಅದನ್ನು ತುಂಬಿಕೊಳ್ಳಲು ಅವಕಾಶವೇ ಉಳಿದಿರುವುದಿಲ್ಲ. ಸರಾಸರಿ 70 ಡಾಲರ್‌ನಂತೆ 650 ಮಂದಿಯ ಗುರಿ ಇಟ್ಟುಕೊಳ್ಳಿ. ಮೊತ್ತ 45,500 ಆಗುತ್ತದೆ, ನೂರೈವತ್ತು ರಸೀದಿಗಳು ಹೆಚ್ಚುವರಿಯಾಗಿ ಉಳಿಯುತ್ತವೆ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಹಣಕ್ಕಿಂತ ರಸೀದಿ ಮುಖ್ಯ. ಕೊಟ್ಟವರ ಹೆಸರು, ಮನೆಯ ವಿಳಾಸ, ಮೊತ್ತ, ಸಹಿ, ಜೊತೆಗೆ ಈ ದೇಣಿಗೆ ಅಭ್ಯರ್ಥಿಗೆ ಸರ್ಕಾರಿ ಹಣ ಸಿಗಲು ನೆರವಾಗುತ್ತದೆಂದು ತಿಳಿದು, ಯಾರ ಒತ್ತಾಯವೂ ಇಲ್ಲದೆ ಕೊಟ್ಟಿದ್ದೇನೆ ಎಂಬ ಹೇಳಿಕೆ ಅದರಲ್ಲಿರಬೇಕು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ರಸೀದಿ ಪುಸ್ತಕಗಳಲ್ಲಿ ಈ ಹೇಳಿಕೆ ಇರುವುದಿಲ್ಲ, ಅವನ್ನು ಕೊಳ್ಳಲೇಬೇಡಿ. ಸಾಮಾನ್ಯ ದೇಣಿಗೆ ಆ್ಯಪ್‌ಗಳು ಕಾರ್ಡಿನ ಹಣವನ್ನು ಕ್ಷಣದಲ್ಲಿ ತರುತ್ತವೆ, ಸಹಿಯನ್ನು ತರುವುದಿಲ್ಲ. ಕಾಗದದ ಮೇಲೆ, ದಾನಿಯ ಎದುರಿನಲ್ಲೇ, ಪೆನ್ನಿನಲ್ಲಿ ಸಹಿ ಹಾಕಿಸಿ, ಸಾಧ್ಯವಾದಷ್ಟು ಚೆಕ್ಕಿನಲ್ಲೇ ಹಣ ಪಡೆಯುವುದು ಉತ್ತಮ. ಅದೇ ಸಂಜೆ ಪ್ರತಿ ಹೆಸರನ್ನೂ ಮತದಾರರ ಪಟ್ಟಿಯೊಂದಿಗೆ ತಾಳೆ ನೋಡಿ. ವಾರದ ಕೊನೆಗೆಂದು ಮುಂದೂಡಿದರೆ ತಪ್ಪು ತಿದ್ದಲು ಆ ಮನೆಯ ಬಾಗಿಲನ್ನು ಮತ್ತೆ ತಟ್ಟಬೇಕಾಗುತ್ತದೆ. ಮುಜುಗರ ತಪ್ಪಿಸಲು ಸ್ವಯಂಸೇವಕರೇ ತಮ್ಮ ಜೇಬಿನಿಂದ ಇತರರ ಹೆಸರಿನಲ್ಲಿ ಹಣ ತುಂಬುವುದು ಅಡ್ಡದಾರಿಯಲ್ಲ, ಅಪರಾಧ.

ಅಲ್ಲಿ ನೆಲೆಸಿರುವ ಕನ್ನಡಿಗರೂ ಇದನ್ನು ಗಮನಿಸಬೇಕು. ಎಚ್‌–1ಬಿ ವೀಸಾದಲ್ಲಿರುವವರು ಅಮೆರಿಕದ ಯಾವ ಚುನಾವಣೆಗೂ ದೇಣಿಗೆ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಆ ನಿಷೇಧವಿಲ್ಲ, ಆದರೆ ಅವರು ಮತದಾರರಲ್ಲದ ಕಾರಣ ಅವರ ಹಣ ಈ ಲೆಕ್ಕಕ್ಕೆ ಸೇರುವುದಿಲ್ಲ. ಪಕ್ಕದ ಒಹಾಯೊದ ಸ್ನೇಹಿತರ ಚೆಕ್ಕೂ ಅಷ್ಟೆ.

ಸಂಗ್ರಹದ ಅವಧಿ ಚುನಾವಣಾ ವರ್ಷದ ಜನವರಿಯ ಕೊನೆಯ ಶನಿವಾರಕ್ಕೆ ಮುಗಿಯುತ್ತದೆ. ಕಾಗದಪತ್ರಗಳಲ್ಲಿನ ಸಡಿಲ ಎಷ್ಟು ದುಬಾರಿ ಎಂಬುದು 2016ರಲ್ಲಿ ಬಯಲಾಯಿತು. ಇದೇ ಬೆಂಜಮಿನ್ ಈ ಸಲ ಸರ್ಕಾರಿ ಹಣಕ್ಕೆ ಅರ್ಜಿ ಹಾಕಿದ್ದರು, ಇನ್ನೊಬ್ಬ ಅಭ್ಯರ್ಥಿ ವಿಲಿಯಂ ವೂಟನ್ ಕೂಡ. ಚುನಾವಣಾ ಆಯೋಗ ಇಬ್ಬರನ್ನೂ ಅರ್ಹರೆಂದಿತು, ಕೆಳಹಂತದ ಸರ್ಕಿಟ್ ನ್ಯಾಯಾಲಯ ಅದನ್ನು ರದ್ದುಪಡಿಸಿತು, ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಅರ್ಹತೆಯನ್ನು ಮರಳಿಸಿತು. ಮತದಾನ ಮೇ 10ಕ್ಕೆ ಇತ್ತು. ಪ್ರಚಾರ ನಡೆಯಬೇಕಿದ್ದ ವಾರಗಳು ವಕೀಲರ ವಾದಕ್ಕೆ ಹೋದವು. ಗೆದ್ದವರು ಖಾಸಗಿ ದೇಣಿಗೆಯಿಂದ ಸ್ಪರ್ಧಿಸಿದ್ದ ಬೆತ್ ವಾಕರ್.

ಅರ್ಹತೆ ಸಿಕ್ಕ ಮೇಲೆ ಖಾಸಗಿ ದೇಣಿಗೆ ಪೂರ್ತಿ ನಿಲ್ಲಬೇಕು, ಲೆಕ್ಕ ಕೊಡುತ್ತಿರಬೇಕು, ಉಳಿದ ಹಣ ಹಿಂದಿರುಗಿಸಬೇಕು. ಎದುರಾಳಿ ಹೆಚ್ಚು ಖರ್ಚು ಮಾಡಿದರೆ ಸರ್ಕಾರ ಹೆಚ್ಚುವರಿ ಹಣ ಕೊಡುತ್ತದೆಂದು ಹಳೆಯ ಕೈಪಿಡಿ ನೋಡಿ ಯಾರಾದರೂ ಹೇಳಿದರೆ ನಂಬಬೇಡಿ. ಅರಿಜೋನಾದ ಅಂಥದೇ ವ್ಯವಸ್ಥೆಯನ್ನು 2011ರಲ್ಲಿ ದೇಶದ ಸುಪ್ರೀಂ ಕೋರ್ಟ್ ರದ್ದುಗೊಳಿಸಿತು. ಮರುವರ್ಷ ವೆಸ್ಟ್ ವರ್ಜೀನಿಯಾದ ನ್ಯಾಯಾಲಯವೂ ಅದೇ ಹಾದಿ ಹಿಡಿಯಿತು. ಆದ್ದರಿಂದ ಬಂದ ಹಣದ ಮೂರನೆಯ ಒಂದು ಭಾಗವನ್ನಾದರೂ ಕೊನೆಯ ಎರಡು ವಾರಗಳ ಜಾಹೀರಾತಿಗೆ ಮೊದಲ ದಿನವೇ ಬೇರೆ ಇಡಿ.