ಬಸ್ ಟಿಕೆಟ್ಟಿನ ಪಕ್ಕ ಮೂರು ಸಾಲು

ಸ್ಕ್ರಾಪ್‌ಬುಕ್ ಅಂದಕೂಡಲೇ ಹೊಳೆಯುವ ಸ್ಟಿಕ್ಕರು, ಬಣ್ಣದ ಟೇಪು ಕೊಳ್ಳಲು ಹೊರಡುವವರೇ ಹೆಚ್ಚು. ನನ್ನ ಪುಸ್ತಕಗಳಲ್ಲಿ ಇರುವುದು ಬಸ್ ಟಿಕೆಟ್ಟು, ದಿನಸಿ ಚೀಟಿ, ಕ್ಯಾಲೆಂಡರ್ ಹಾಳೆ, ಊದುಬತ್ತಿ ಪೊಟ್ಟಣ. ಏನನ್ನೇ ಆಗಲಿ ಅಂಟಿಸುವ ಮೊದಲು, ಅದೇ ದಿನ, ಪಕ್ಕದಲ್ಲಿ ಮೂರು ಸಾಲು ಬರೆಯುತ್ತೇನೆ. ಬರಹವಿಲ್ಲದ ಟಿಕೆಟ್ಟು ವರ್ಷ ಕಳೆದರೆ ಬರೀ ಕಸ. ಎಲ್ಲಿಗೆ ಹೋಗಿದ್ದು, ಜೊತೆಗೆ ಯಾರಿದ್ದರು ಅನ್ನುವುದು ಇಟ್ಟವರಿಗೇ ಹೊಳೆಯುವುದಿಲ್ಲ.

ಆ ಮೂರು ಸಾಲಿನಲ್ಲಿ ‘ಖುಷಿಯಾಯಿತು’, ‘ಚೆಂದದ ದಿನ’ ಬೇಡ. ಹೊತ್ತು, ಜಾಗ, ಒಂದು ಬೆಲೆ, ಯಾರೋ ಆಡಿದ ಒಂದು ಮಾತು ಸಾಕು. ಸೊಪ್ಪು ಕಟ್ಟಿಕೊಟ್ಟ ಕಾಗದದ ಚೂರಿನ ಪಕ್ಕ ಬರೆದದ್ದು ಹೀಗಿದೆ: ‘ಬುಧವಾರ, ಸಂಜೆ ಆರೂವರೆ, ತುಂತುರು. ಮೆಂತ್ಯ ಕಟ್ಟಿಗೆ 20. ಸಬ್ಬಸಿಗೆ ಬಾಡೋಗದೆ, ನಿಂಗೆ ಕೊಡಕಿಲ್ಲ ಹೋಗವ್ವ ಅಂದಳು ಸೊಪ್ಪಿನಜ್ಜಿ.’ ಇದನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಅಜ್ಜಿಯೇ ಮಾಯವಾಗುತ್ತಾಳೆ.

ಮಾಮೂಲಿ ನೋಟ್‌ಬುಕ್ಕಿನ ಹಾಳೆ ತೆಳು; ಅಂಟು ತಗುಲಿದರೆ ಸುಕ್ಕಾಗುತ್ತದೆ. 120 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಕಾಗದದ ಅಳತೆ) ಅಥವಾ ಅದಕ್ಕಿಂತ ದಪ್ಪನೆಯದು ಬೇಕು. ಅಂಟಿಸುತ್ತಾ ಹೋದಂತೆ ಪುಸ್ತಕ ಉಬ್ಬಿ ಹೊಲಿಗೆ ಬಿಡುತ್ತದಾದ್ದರಿಂದ ಪ್ರತಿ ಮೂರನೇ ಹಾಳೆಯನ್ನು ಮೊದಲೇ ಕತ್ತರಿಸಿ ತೆಗೆಯುತ್ತೇನೆ. ಆದರೆ ಹೊಲಿಗೆಯ ಪಕ್ಕ ಒಂದೂವರೆ ಸೆಂಟಿಮೀಟರ್ ಬಿಡಬೇಕು. ಬುಡಕ್ಕೇ ಕಿತ್ತರೆ ಆಚೆ ಬದಿಯ ಜೋಡಿ ಹಾಳೆಯೂ ಕಳಚಿ ಬರುತ್ತದೆ.

ಹೆಚ್ಚು ತಲೆನೋವು ಕೊಡುವುದು ಬಸ್ ಟಿಕೆಟ್ಟೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರ ಕೈಗೆ ಬಂದ ಶೂನ್ಯ ದರದ ಟಿಕೆಟ್ಟನ್ನು ಎತ್ತಿಟ್ಟವರು ಈಗೊಮ್ಮೆ ತೆಗೆದು ನೋಡಲಿ, ಅಕ್ಷರ ಮಾಸಿರುತ್ತದೆ. ಯಂತ್ರದಿಂದ ಬರುವ ಟಿಕೆಟ್ಟಿನಲ್ಲಿ ಶಾಯಿ ಇರುವುದಿಲ್ಲ. ಕಾಗದದ ಲೇಪನ ಬಿಸಿ ತಗುಲಿ ಕಪ್ಪಾಗಿ ಅಕ್ಷರ ಮೂಡುತ್ತದೆ. ಹಾಗಾಗಿ ಲ್ಯಾಮಿನೇಷನ್ ಮಾಡಿಸಿದರೆ ಇಡೀ ಟಿಕೆಟ್ಟು ಕಪ್ಪಾಗುತ್ತದೆ, ಬಿಸಿಲಿಗೆ ಬಿದ್ದರೂ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಬಿಳುಚುತ್ತದೆ. ಇದಕ್ಕೆ ಉಳಿದಿರುವುದು ಒಂದೇ ದಾರಿ: ಎಂಟು ಹತ್ತು ಸೇರಿದಾಗ ಎ4 ಹಾಳೆಯ ಮೇಲೆ ಜೋಡಿಸಿ ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನು ಕತ್ತರಿಸಿ ಅಂಟಿಸುವುದು. ಮೂಲ ಟಿಕೆಟ್ಟೂ ಬೇಕೆನ್ನುವವರು ಕಾಗದದ ಸಣ್ಣ ಲಕೋಟೆ ಮಾಡಿ ಅದೇ ಪುಟಕ್ಕೆ ಸಿಕ್ಕಿಸಬಹುದು.

ಅಂಟಿಗೆ ಒಂದು ಚಮಚ ಮೈದಾ, ಐದು ಚಮಚ ನೀರು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹಾಗೆ ಹೊಳಪು ಬರುವವರೆಗೆ ಕೈಯಾಡಿಸಿ, ಆರಿಸಿ ತೆಳ್ಳಗೆ ಬಳಿಯಬೇಕು. ಮೇಲೆ ಬೆಣ್ಣೆ ಕಾಗದ ಹಾಸಿ ರಾತ್ರಿಯಿಡೀ ಭಾರ ಹೇರಿ. ಹುಳು ಬಾರದಿರಲೆಂದು ಬೈಂಡಿಂಗ್‌ನವರು ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳು ತಿರುವುವ ಪುಸ್ತಕಕ್ಕೆ ನಾನು ಹಾಕುವುದಿಲ್ಲ; ಅಂಟು ಪೂರ್ತಿ ಒಣಗಿದ ಮೇಲೇ ಪುಸ್ತಕ ಎತ್ತಿಡುತ್ತೇನೆ. ಸೆಲ್ಲೋಟೇಪಂತೂ ಬೇಡವೇ ಬೇಡ. ಕೆಲವೇ ವರ್ಷಕ್ಕೆ ಟೇಪು ಉದುರಿ ಕಂದು ಕಲೆಯಷ್ಟೇ ಉಳಿಯುತ್ತದೆ.

ಹೂವಿನಲ್ಲಿ ಮಲ್ಲಿಗೆ ಸೋಲುತ್ತದೆ, ಕಂದಾಗಿಬಿಡುತ್ತದೆ. ಕಾಗದದ ಹೂ (ಬೋಗನ್‌ವಿಲ್ಲಾ), ಜರಿಗಿಡದ ಎಲೆ ಚೆನ್ನಾಗಿ ಉಳಿಯುತ್ತವೆ. ಹಳೆ ಪೇಪರಿನ ನಡುವೆ ಎರಡು ವಾರ ಇಡಿ, ಮೊದಲ ನಾಲ್ಕು ದಿನ ಪೇಪರು ಬದಲಿಸುತ್ತಿರಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು, ಬೂಷ್ಟು ಹಿಡಿಯುತ್ತದೆ.

ಬರೆಯಲು ಬಾಲ್ ಪೆನ್ನೇ ಮೇಲು. ಕೆಲವು ಜೆಲ್ ಶಾಯಿ ಒದ್ದೆ ಬೆರಳಿಗೂ ಕದಡುತ್ತದೆ. ಫೋಟೊದ ಹಿಂಬದಿಗೆ ಮಾತ್ರ ಮೆತ್ತನೆಯ ಪೆನ್ಸಿಲ್, ಇಲ್ಲವಾದರೆ ಒತ್ತಿದ ಗೆರೆ ಮುಖದ ಮೇಲೇ ಮೂಡುತ್ತದೆ.