ಹೊಟ್ಟೆಯ ಬೊಜ್ಜಿನಿಂದ ಎದೆ: ಕಡಿಮೆ ಹಾಕಿದ ಮೇಲೆ ಉಳಿಯತೊಡಗಿತು

ಕ್ಯಾನ್ಸರ್‌ಗೆ ಎದೆ ತೆಗೆಸಿಕೊಂಡವರಿಗೆ ಅವರದೇ ಮೈಯ ಕೊಬ್ಬು ತೆಗೆದು ಹಾಕಿ ಹೊಸ ಎದೆ ಮಾಡುತ್ತೇನೆ. 'ಕೊಬ್ಬು ಕರಗಿ ಹೋಗುತ್ತೆ, ಸುಮ್ನೆ ಯಾಕೆ ಒದ್ದಾಡ್ತೀರಿ' ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಸೀನಿಯರ್‌ಗಳು ಹೇಳಿದರು. ಇಲ್ಲೇ ಹುಬ್ಬಳ್ಳಿಯ ಸರ್ಜನ್‌ಗಳೂ ಹೇಳಿದರು. ನನ್ನ ಜೊತೆ ಕೆಲಸ ಮಾಡುವ ಅನೆಸ್ತೆಟಿಸ್ಟ್ ಮೊದಲ ಒಂದು ವರ್ಷ ಮುಖ ಗಂಟಿಕ್ಕಿಕೊಂಡೇ ಕೇಸಿಗೆ ಬರುತ್ತಿದ್ದರು. ಹೋದ ವರ್ಷ ಅವರೇ ತಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ಬಂದರು. ಇನ್ನು ಬರೆಯಬಹುದು ಅನ್ನಿಸಿತು. ಲೈಪೋಸಕ್ಷನ್ (ಕೊಬ್ಬು ಹೀರಿ ತೆಗೆಯುವುದು) ಮಾಡಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಕೊಬ್ಬು ತೆಗೆಯುವ ಮೊದಲು ಒಳಗೆ ಬಿಡುವ ಔಷಧಿ ನೀರು, ಟ್ಯೂಮೆಸೆಂಟ್, ಬೆರೆಸುವುದು ಹೇಗೆ ಅಂತೆಲ್ಲ ಹೇಳಲು ಹೋಗುವುದಿಲ್ಲ.

ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಗದಗ, ಹಾವೇರಿ, ಬಾಗಲಕೋಟೆ ಕಡೆಯವರು. ಕ್ಯಾನ್ಸರ್‌ಗೆ ಒಂದು ಎದೆ ತೆಗೆಸಿ, ಕಿಮೋ, ರೇಡಿಯೇಷನ್ ಎಲ್ಲ ಮುಗಿಸಿ ಬಂದವರು. ಚರ್ಮ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ, ಬಣ್ಣ ಕಪ್ಪಾಗಿರುತ್ತದೆ, ಚಿವುಟಿದರೆ ಕೈಗೆ ಸಿಗುವುದಿಲ್ಲ. ರವಿಕೆಯೊಳಗೆ ಹಳೇ ಬಟ್ಟೆ ಮಡಚಿ ಇಟ್ಟುಕೊಂಡು ಓಡಾಡುತ್ತಾರೆ. ಇಂಥ ಚರ್ಮದಡಿ ಸಿಲಿಕೋನ್ ಇಟ್ಟರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ನಾನು ಇಟ್ಟ ಕೆಲವು ಗಟ್ಟಿಯಾಗಿ ಕಾಲರ್ ಬೋನ್ ಕಡೆ ಏರಿ ಕೂತವು. ಒಂದು ಹೊಲಿಗೆ ಬಿಚ್ಚಿಕೊಂಡು ಆಚೆಗೇ ಬಂತು.

ಡಿಐಇಪಿ, ಅಂದರೆ ಹೊಟ್ಟೆಯ ಚರ್ಮ, ಕೊಬ್ಬನ್ನು ರಕ್ತನಾಳ ಸಮೇತ ತೆಗೆದು ಎದೆಗೆ ಜೋಡಿಸುವ ಆಪರೇಷನ್, ಯಾಕೆ ಮಾಡಲ್ಲ ಅಂತ ಪ್ರತಿ ಕಾನ್ಫರೆನ್ಸ್‌ನಲ್ಲೂ ಯಾರಾದರೂ ಕೇಳುತ್ತಾರೆ. 1992ರಲ್ಲಿ ನ್ಯೂ ಆರ್ಲಿಯನ್ಸ್‌ನ ರಾಬರ್ಟ್ ಆ್ಯಲನ್ ಎದೆಗೆ ಅದನ್ನು ಶುರುಮಾಡಿದಾಗಿನಿಂದ ಅದಕ್ಕಿಂತ ಒಳ್ಳೇ ಎದೆ ಬೇರೆ ಯಾವುದರಿಂದಲೂ ಬಂದಿಲ್ಲ. ಒಪ್ಪುತ್ತೇನೆ. ಆದರೆ ನಮ್ಮದು ಐವತ್ತು ಹಾಸಿಗೆಯ ಆಸ್ಪತ್ರೆ. ರಾತ್ರಿ ಪಾಳಿಗೆ ಇಬ್ಬರು ಸಿಸ್ಟರ್. ಗಂಟೆಗೊಮ್ಮೆ ಫ್ಲ್ಯಾಪ್‌ಗೆ (ಜೋಡಿಸಿದ ಭಾಗಕ್ಕೆ) ಡಾಪ್ಲರ್ ಹಿಡಿದು ರಕ್ತದ ಓಟ ನೋಡುವವರು ಯಾರು? ಬೆಳಗಿನ ಮೂರಕ್ಕೆ ವೆಯ್ನ್ ಕಟ್ಟಿಕೊಂಡರೆ ಮೈಕ್ರೋಸ್ಕೋಪ್ ಹಾಕಿ ಮತ್ತೆ ಬಿಚ್ಚುವ ತಂಡ ಎಲ್ಲಿದೆ? ಹೊಟ್ಟೆ ಚೆನ್ನಾಗಿದ್ದು, ಖರ್ಚು ತಡೆಯುತ್ತೆ ಅನ್ನುವವರನ್ನು ಈಗಲೂ ಬೆಂಗಳೂರಿಗೇ ಕಳಿಸುತ್ತೇನೆ. ಉಳಿದವರಿಗೆ ಅವರದೇ ಕೊಬ್ಬು.

ಶುರುವಿನಲ್ಲಿ ಒಂದೇ ಸಲಕ್ಕೆ 350ರಿಂದ 400 ಎಂಎಲ್ ತುಂಬುತ್ತಿದ್ದೆ. ಟೇಬಲ್ ಮೇಲೆ ನೋಡಬೇಕು ಆ ಎದೆ! ಫೋಟೋ ತೆಗೆದು ಎಲ್ಲರಿಗೂ ತೋರಿಸುತ್ತಿದ್ದೆ. ಮೂರು ತಿಂಗಳಿಗೆ ಅರ್ಧಕ್ಕರ್ಧ ಮಾಯ. ಉಳಿದಿದ್ದರಲ್ಲಿ ಗಂಟು. ಲಕ್ಷ್ಮೇಶ್ವರ ಕಡೆಯ ಒಬ್ಬರ ಗಂಡ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಿಂತಿದ್ದ. 'ಸರ್ರ, ಮತ್ತ ಗಂಟ ಬಂದೈತ್ರಿ' ಅಂದ. ಆಂಕಾಲಜಿಸ್ಟ್ ನನ್ನನ್ನು ಚೆನ್ನಾಗಿಯೇ ಬೈದು ಬಯಾಪ್ಸಿಗೆ ಕಳಿಸಿದರು. ಫ್ಯಾಟ್ ನೆಕ್ರೋಸಿಸ್, ಅಂದರೆ ಸತ್ತ ಕೊಬ್ಬು ಅಂತ ಬಂತು, ಸದ್ಯ. ಆ ಬಯಾಪ್ಸಿ, ಸ್ಕ್ಯಾನ್, ಎಣ್ಣೆ ತುಂಬಿದ ಸಿಸ್ಟ್‌ಗಳನ್ನು ಎಳೆದು ತೆಗೆದದ್ದು, ಎಲ್ಲ ನನ್ನ ಲೆಕ್ಕಕ್ಕೆ. ಆ ವರ್ಷ ಈ ಕೆಲಸದಿಂದ ನನಗೆ ನಾಲ್ಕು ಲಕ್ಷದಷ್ಟು ಕೈಬಿಟ್ಟಿರಬೇಕು.

ಎಲ್ಲರ ಹಾಗೆ ನನಗೂ ಕೊಬ್ಬು ತೊಳೆಯುವುದರಲ್ಲೇ ಏನೋ ಇದೆ ಅನ್ನಿಸಿತು. ಲ್ಯಾಬಿನ ಸೆಂಟ್ರಿಫ್ಯೂಜ್ ಆಪರೇಷನ್ ಥಿಯೇಟರಿಗೆ (ಓಟಿ) ತಂದು ಅಮೆರಿಕದ ಸರ್ಜನ್ ಕೋಲ್‌ಮನ್ ಹೇಳಿದ ಹಾಗೆ 3000 ಆರ್‌ಪಿಎಂನಲ್ಲಿ ಮೂರು ನಿಮಿಷ ತಿರುಗಿಸಿದೆ. ದೊಡ್ಡ ಪ್ರಮಾಣಕ್ಕೆ ಅದು ಆಗದ ಮಾತು, ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಹೊರದೇಶದ ಫಿಲ್ಟರ್ ಚೀಲ ತರಿಸಿದೆ. ಒಂದೊಂದಕ್ಕೂ ಹತ್ತಾರು ಸಾವಿರ, ಒಮ್ಮೆ ಬಳಸಿ ಬಿಸಾಕಬೇಕು. ಕೊನೆಗೆ ದುರ್ಗದ ಬೈಲಿನ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಜರಡಿ ಕೊಂಡು ಆಟೋಕ್ಲೇವ್ ಮಾಡಿಸಿದೆ. ಇನ್ನೂರೋ ಇನ್ನೂರೈವತ್ತೋ ಆಯ್ತು. ಮೂರರಲ್ಲೂ ಬಂದ ಫಲ ನನ್ನ ಕಣ್ಣಿಗೆ ಒಂದೇ. ಪಿಆರ್‌ಪಿ (ರೋಗಿಯ ರಕ್ತದಿಂದಲೇ ತೆಗೆದ ಪ್ಲೇಟ್‌ಲೆಟ್ ದ್ರವ) ಬೆರೆಸಿದೆ, ಅದರಲ್ಲೂ ಏನೂ ಕಾಣಲಿಲ್ಲ. ಪಿಆರ್‌ಪಿ ಕಿಟ್ ಮಾರುವ ಹುಡುಗ ಈಗ ನನ್ನ ಕ್ಲಿನಿಕ್ ಕಡೆ ಬರುವುದಿಲ್ಲ.

ತೊಂದರೆ ಇದ್ದದ್ದು ಹಾಕುವ ಜಾಗದಲ್ಲಿ, ಹಾಕುವ ಪ್ರಮಾಣದಲ್ಲಿ. ಕೊಬ್ಬಿನ ಎಳೆ ಸುಮಾರು ಮೂರು ಮಿಲಿಮೀಟರ್‌ಗಿಂತ ದಪ್ಪವಾದರೆ ನಡುವಿನ ಭಾಗಕ್ಕೆ ಆಮ್ಲಜನಕ ತಲುಪುವುದಿಲ್ಲ. ಜಪಾನಿನ ಸರ್ಜನ್ ಯೋಶಿಮುರಾ, ಮಯಾಮಿಯ ಸರ್ಜನ್ ರೋಜರ್ ಖೂರಿ ಇವರೆಲ್ಲ ಇದನ್ನು ಹೇಳಿ ಎಷ್ಟೋ ವರ್ಷವಾಗಿತ್ತು. ಎಳೆ ಸಣ್ಣದಾಗಿದ್ದರೂ ಜಾಗ ಬಿಗಿಯಾಗಿದ್ದರೆ ಅಲ್ಲಿನ ಒತ್ತಡಕ್ಕೇ ರಕ್ತ ಓಡುವುದು ನಿಂತುಬಿಡುತ್ತದೆ. ರೇಡಿಯೇಷನ್ ತಿಂದ ಚರ್ಮದಲ್ಲಿ ಈ ಮಿತಿ ತುಂಬಾ ಬೇಗ ಬರುತ್ತದೆ.

ಈಗ ಮೊದಲ ಸುತ್ತಿಗೆ 120, ಹೆಚ್ಚೆಂದರೆ 150 ಎಂಎಲ್. ಇದು ಎದೆ ಮಾಡಲಿಕ್ಕೆ ಹಾಕುವುದಲ್ಲ, ಮಣ್ಣು ಹದ ಮಾಡಿದ ಹಾಗೆ. ಮೂರು ತಿಂಗಳು ಬಿಟ್ಟು ನೋಡಿದರೆ ಚರ್ಮ ಸಡಿಲವಾಗಿರುತ್ತದೆ, ಬಣ್ಣ ತಿಳಿಯಾಗಿರುತ್ತದೆ, ಬೆರಳಲ್ಲಿ ಹಿಡಿದರೆ ಏಳುತ್ತದೆ. ಎರಡನೇ ಸುತ್ತಿಗೆ 200ರ ಆಸುಪಾಸು, ಮೂರಕ್ಕೆ 250. ಹೆಚ್ಚಿನವರಿಗೆ ಮೂರು ಸಾಕು, ದೊಡ್ಡ ಎದೆಯವರಿಗೆ ನಾಲ್ಕು. ಹಾಕಿದ್ದರಲ್ಲಿ ಮೊದಲ ಸುತ್ತಿನದು ಅರ್ಧ ಉಳಿದರೆ ಹೆಚ್ಚು. ಮುಂದಿನವುಗಳಲ್ಲಿ ನೂರಕ್ಕೆ ಅರವತ್ತು, ಅರವತ್ತೈದರ ಮೇಲೆ ಉಳಿಯುತ್ತಿದೆ.

ಯಾವಾಗ ನಿಲ್ಲಿಸಬೇಕು ಅನ್ನುವುದೇ ಇಡೀ ಕೆಲಸ. ಕ್ಯಾನುಲಾ (ಕೊಬ್ಬು ಬಿಡುವ ಸಣ್ಣ ಕೊಳವೆ) ಪೂರ್ತಿ ಒಳಗೆ ಹೋಗಿ ಹಿಂದಕ್ಕೆ ಬರುವಾಗ ಮಾತ್ರ ಕೊಬ್ಬು ಬಿಡುತ್ತೇನೆ, ಒಂದು ಎಳೆತಕ್ಕೆ ಒಂದು ಎಂಎಲ್‌ಗಿಂತ ಕಡಿಮೆ. ಎಡಗೈ ಚರ್ಮದ ಮೇಲೆ ಚಪ್ಪಟೆಯಾಗಿ ಇರುತ್ತದೆ. ಕ್ಯಾನುಲಾ ಮೊದಲು ಸಲೀಸಾಗಿ ಜಾರುತ್ತದೆ. ಆಮೇಲೆ ದಾರಿಯುದ್ದಕ್ಕೂ ಸ್ವಲ್ಪ ಹಿಡಿಯತೊಡಗುತ್ತದೆ. ಅಷ್ಟರಲ್ಲಿ ಚರ್ಮದ ರಂಧ್ರಗಳು ಎದ್ದು ಕಾಣುತ್ತವೆ. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳುಪು ಹೋಗಲು ತಡವಾಗುತ್ತದೆ. ಅಲ್ಲಿಗೆ ಮುಗಿಯಿತು. 'ಸರ್, ಇನ್ನೂ ನಾಲ್ಕು ಸಿರಿಂಜ್ ಅದಾವ್ರಿ' ಅಂತ ಸಿಸ್ಟರ್ ಹೇಳುತ್ತಾರೆ. ಇರಲಿ, ಚೆಲ್ಲಿಬಿಡಿ ಅನ್ನುತ್ತೇನೆ. ಅಷ್ಟು ಕಷ್ಟಪಟ್ಟು ತೆಗೆದ ಕೊಬ್ಬನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಆ ನಾಲ್ಕು ಸಿರಿಂಜೇ ಮುಂದೆ ಗಂಟಾಗುವುದು.

ಅಂಟಿದ ಕಲೆಯನ್ನು 18 ಗೇಜ್ ಸೂಜಿಯಿಂದ ಚುಚ್ಚಿ ಬಿಡಿಸುತ್ತೇನೆ, ಇಟಲಿಯ ಸರ್ಜನ್ ರಿಗೊಟ್ಟಿ ಮಾಡಿದ ಹಾಗೆ. ಚುಚ್ಚುಗಳನ್ನು ಬೇರೆಬೇರೆ ಆಳದಲ್ಲಿ ಚದುರಿಸಬೇಕು. ಒಂದೇ ಪದರದಲ್ಲಿ ಚುಚ್ಚುತ್ತಾ ಹೋದರೆ ಒಳಗೆ ಜೇಬು ಆಗುತ್ತದೆ, ಕೊಬ್ಬು ಅಲ್ಲಿ ಕೆರೆ ಕಟ್ಟಿ ನಿಲ್ಲುತ್ತದೆ, ಆಮೇಲೆ ಎಣ್ಣೆಯ ಸಿಸ್ಟ್.

ಎಷ್ಟು ಉಳಿಯಿತು ಅಂತ ಅಳೆಯಲು ತ್ರೀಡಿ ಕ್ಯಾಮೆರಾ ಎಲ್ಲಿಂದ ತರಲಿ? ಹಳೇ ಎಕ್ಸ್‌ರೇ ಫಿಲ್ಮನ್ನು ದುಂಡಗೆ ಕತ್ತರಿಸಿ, ನಡುವಿನವರೆಗೆ ಒಂದು ಸೀಳು ಕೊಟ್ಟು, ಎದೆಯ ಮೇಲೆ ಕೋನ್ ಆಗುವ ಹಾಗೆ ಸುತ್ತುತ್ತೇನೆ. ಅಂಚು ಎಲ್ಲಿಗೆ ಬಂತೋ ಅಲ್ಲಿ ಗೆರೆ. ಆ ಗೆರೆಗೆ ಎಷ್ಟು ಎಂಎಲ್ ಅಂತ ಸಾಸಿವೆ ತುಂಬಿ, ಅಳತೆಯ ಲೋಟಕ್ಕೆ ಸುರಿದು ಮೊದಲೇ ಗುರುತು ಹಾಕಿಟ್ಟಿದ್ದೇನೆ. ಗ್ರಾಸ್‌ಮನ್-ರೌಡ್ನರ್ ಡಿಸ್ಕ್ ಅಂತ ಕಂಪನಿ ಮಾಲು ಇದೆ, ಅದರದೇ ತತ್ವ. ಹತ್ತಿಪ್ಪತ್ತು ಎಂಎಲ್ ಆಚೀಚೆ ಆಗಬಹುದು, ನನಗೆ ಅಷ್ಟು ಸಾಕು.

ಇನ್ನೊಂದು ಪ್ರಯೋಗ ಹೇಳಿಬಿಡುತ್ತೇನೆ. ಖೂರಿಯವರ ಬ್ರಾವಾ, ಎದೆಯ ಮೇಲೆ ಕೂರಿಸಿ ಗಾಳಿ ಎಳೆಯುವ ಗುಮ್ಮಟ, ಅದರಿಂದ ಮೊದಲೇ ಚರ್ಮ ಎಳೆದು ಜಾಗ ಮಾಡಿಕೊಳ್ಳುವ ಪದ್ಧತಿ ಗೊತ್ತಲ್ಲ. ಅದಿಲ್ಲದೆ, ಗಾಯಕ್ಕೆ ಹಾಕುವ ವ್ಯಾಕ್ಯೂಮ್ ಡ್ರೆಸ್ಸಿಂಗ್ ಮೆಷಿನ್‌ಗೆ ಪ್ಲಾಸ್ಟಿಕ್ ಬಟ್ಟಲು ಜೋಡಿಸಿ ನೋಡಿದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿ. ಬೆವರಿಗೆ ಅಂಚು ನಿಲ್ಲಲಿಲ್ಲ, ರೇಡಿಯೇಷನ್ ಆದ ಚರ್ಮದಲ್ಲಿ ಗುಳ್ಳೆ ಎದ್ದವು. ಅದನ್ನು ಹಾಕಿಸಿಕೊಂಡಿದ್ದ ಅಕ್ಕಾರು ಮೆಷಿನ್ನನ್ನು ಚೀಲದಲ್ಲಿ ಸುತ್ತಿ ತಂದು ಟೇಬಲ್ ಮೇಲಿಟ್ಟು, 'ಇದನ್ನ ನೀವ ಹಾಕ್ಕೊಂಡ ಮಲಗ್ರಿ ಒಂದ ರಾತ್ರಿ' ಅಂದರು. ಮೆಷಿನ್ ವಾರ್ಡಿಗೆ ವಾಪಸ್ ಹೋಯಿತು.

ಮೈಯಲ್ಲಿ ಕೊಬ್ಬೇ ಇಲ್ಲದವರದು ಬೇರೆ ಕತೆ. ಹೊಲದಲ್ಲಿ ದುಡಿದ ನಲವತ್ತೆರಡು ಕೆಜಿಯ ಹೆಣ್ಣುಮಗಳ ತೊಡೆಯಿಂದ ಏನು ತೆಗೆಯುತ್ತೀರಿ? ಅಂಥವರಿಗೆ ಬೆನ್ನಿನ ಎಲ್‌ಡಿ ಫ್ಲ್ಯಾಪ್, ಅಂದರೆ ಬೆನ್ನಿನ ಅಗಲದ ಮಾಂಸಖಂಡ, ಎದೆಯ ಕಡೆ ತಿರುಗಿಸಿ, ಸಿಕ್ಕ ನೂರು ಎಂಎಲ್‌ನಷ್ಟು ಕೊಬ್ಬನ್ನು ಆ ಮಾಂಸಖಂಡಕ್ಕೇ ಅಲ್ಲೇ ಹಾಕುತ್ತೇನೆ. ಜೀವಂತ ಮಾಂಸದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇವಿನ ಹೊರೆ ಎತ್ತುವವರಲ್ಲಿ ಕೆಲವರು ಬೆನ್ನಿನ ಕಸುವು ಕಡಿಮೆಯಾದೀತು ಅಂತ ಬೇಡವೆಂದಿದ್ದಾರೆ. ನಾನೂ ಒತ್ತಾಯ ಮಾಡಿಲ್ಲ.

ದುಡ್ಡಿನ ವಿಷಯ. ಒಂದು ಸುತ್ತಿಗೆ ಓಟಿ, ಅನೆಸ್ತೇಷಿಯಾ, ಔಷಧಿ, ಬಿಗಿ ಉಡುಪು ಎಲ್ಲ ಸೇರಿ 35ರಿಂದ 40 ಸಾವಿರ ತಗೊಳ್ಳುತ್ತೇನೆ. ಮೂರು ಸುತ್ತಿಗೆ ಒಂದು ಲಕ್ಷದ ಮೇಲೆ ಸ್ವಲ್ಪ. ಮೊತ್ತ ಸಣ್ಣದಲ್ಲ. ಆದರೆ ವರ್ಷವಿಡೀ ಹಂಚಿಹೋಗುತ್ತದಲ್ಲ, ಅದೇ ಅನುಕೂಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ಮೇಲೆ ಒಂದು ಸುತ್ತು, ಹತ್ತಿ ಮಾರಿದ ಮೇಲೆ ಇನ್ನೊಂದು. ಒಬ್ಬ ಅಜ್ಜಿ ಕೇಳಿದರು: 'ನಂದ ಚರಬಿ ನನಗ ಹಾಕಾಕ ರೊಕ್ಕ ಯಾಕ್ರಿ ತಮ್ಮಾ?' ನನ್ನಲ್ಲಿ ಉತ್ತರ ಇರಲಿಲ್ಲ, ಐದು ಸಾವಿರ ಬಿಟ್ಟೆ. ಇನ್ಶೂರೆನ್ಸ್‌ನವರು ಕಾಸ್ಮೆಟಿಕ್ ಅಂತ ಒಂದೇ ಪದ ಬರೆದು ಫೈಲ್ ವಾಪಸ್ ಕಳಿಸುತ್ತಾರೆ. ಕ್ಯಾನ್ಸರ್ ಪೇಪರ್, ರೇಡಿಯೇಷನ್ ಪೇಪರ್ ಎಲ್ಲ ಲಗತ್ತಿಸಿ ಮತ್ತೆ ಮತ್ತೆ ಬರೆದ ಮೇಲೆ ಒಂದೆರಡು ಪಾಸಾದವು.

ಆಂಕಾಲಜಿಸ್ಟ್‌ಗಳ ಭಯ ಸುಮ್ನೆ ಬಂದದ್ದಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘವೇ 1987ರಲ್ಲಿ ಎದೆಗೆ ಕೊಬ್ಬು ಹಾಕಬೇಡಿ ಅಂದಿತ್ತು, ಮ್ಯಾಮೋಗ್ರಾಂನಲ್ಲಿ ಗೊಂದಲವಾಗುತ್ತೆ ಅಂತ. 2009ರಲ್ಲಿ ಆ ನಿಲುವು ಬದಲಿಸಿತು. ಕ್ಯಾನ್ಸರ್ ಮರುಕಳಿಸುವುದು ಇದರಿಂದ ಹೆಚ್ಚಾಗಿದೆ ಅಂತ ಇದುವರೆಗಿನ ದೊಡ್ಡ ಫಾಲೋಅಪ್‌ಗಳಲ್ಲಿ ಕಂಡಿಲ್ಲ. ಆದರೂ ಚಿಕಿತ್ಸೆ ಮುಗಿದು ಎರಡು ವರ್ಷ ಆಗದೆ ನಾನು ಕೈ ಹಾಕುವುದಿಲ್ಲ. ಪ್ರತಿ ಸುತ್ತಿಗೂ ಮುಂಚೆ ಆಂಕಾಲಜಿಸ್ಟ್ ಸಹಿ ಬೇಕು. ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್ ಒಬ್ಬರೇ ಇರಲಿ. ಎಣ್ಣೆಯ ಸಿಸ್ಟ್ ಯಾವುದು, ಹೊಸ ಗಂಟು ಯಾವುದು ಅಂತ ಹಳೇ ಚಿತ್ರ ಗೊತ್ತಿರುವವರಿಗೆ ಬೇಗ ತಿಳಿಯುತ್ತದೆ.

ಹೊಟ್ಟೆಯ ಕೊಬ್ಬು ಎದೆಗೆ ಬಂದರೂ ಹೊಟ್ಟೆಯ ಬುದ್ಧಿ ಬಿಡಲ್ಲ. ತೂಕ ಏರಿದರೆ ಅದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಶ್ರಾವಣ ಸೋಮವಾರ, ಶನಿವಾರ, ಏಕಾದಶಿ ಅಂತ ಉಪವಾಸ ಹಿಡಿದು ನಾಲ್ಕೈದು ಕೆಜಿ ಇಳಿಸಿಕೊಂಡು ಬಂದವರ ಎದೆ ಕೂಡ ಇಳಿದಿತ್ತು. ಹಾಗಾಗಿ ಶ್ರಾವಣದ ಹಿಂದುಮುಂದು ಈ ಆಪರೇಷನ್ ಇಡುವುದನ್ನೇ ಬಿಟ್ಟಿದ್ದೇನೆ. ಉಪವಾಸ ಬಿಡಿ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ?

ಬರೀ ದೊಡ್ಡದು ಮಾಡಿಸಲು ಬರುವ ಹುಡುಗಿಯರೂ ಈಗ ಇದ್ದಾರೆ. ಅವರ ಚರ್ಮ ಒಳ್ಳೆಯದಿರುತ್ತದೆ, ಕೆಲಸ ಸುಲಭ. ಆದರೆ ಒಂದು ಸುತ್ತಿಗೆ ಒಂದು ಕಪ್ ಸೈಜ್, ಅಷ್ಟೇ. ಅದಕ್ಕಿಂತ ಜಾಸ್ತಿ ಬೇಕೆಂದವರಿಗೆ ಸಿಲಿಕೋನ್ ಮಾಡುವವರ ವಿಳಾಸ ಕೊಡುತ್ತೇನೆ.

ಎದೆಯ ಕೆಳಗಿನ ಮಡಿಕೆ ಹೇಗೆ ಬರಿಸುತ್ತೀರಿ ಅಂತ ಫೋಟೋ ನೋಡಿದವರೆಲ್ಲ ಕೇಳುತ್ತಾರೆ. ಹೊಟ್ಟೆಯ ಮೇಲ್ಭಾಗದ ಚರ್ಮವನ್ನು ಮೇಲಕ್ಕೆ ತಂದು ಒಳಗಿನಿಂದ ದಾರದಲ್ಲಿ ಹಿಡಿಸುವುದು, ಇಷ್ಟು ಹೇಳಬಲ್ಲೆ. ದಾರ ಯಾವುದು, ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನುವುದು ನನ್ನ ಹತ್ತಿರವೇ ಇರಲಿ. ಓಟಿಗೆ ಬಂದು ನಿಂತರೆ ತೋರಿಸುತ್ತೇನೆ. ಕೊಲ್ಹಾಪುರದಿಂದ ಇಬ್ಬರು ಬಂದು ನೋಡಿಕೊಂಡು ಹೋಗಿದ್ದಾರೆ, ಮೊದಲು ನಕ್ಕವರೇ.

ಶುರುಮಾಡುವವರು ದುಬಾರಿ ಮೆಷಿನ್ ಕೊಳ್ಳುವ ಮೊದಲು ಕ್ಯಾನುಲಾವನ್ನು ತಿರುಗಿಸಿ ಬಿಗಿ ಮಾಡುವ ಲ್ಯೂಯರ್ ಲಾಕ್ ಸಿರಿಂಜ್ ತರಿಸಿಕೊಳ್ಳಿ, ಮೂರು ಎಂಎಲ್‌ದು, ಹತ್ತು ಎಂಎಲ್‌ದು. ಸಾದಾ ಸಿರಿಂಜ್ ಅಗ್ಗ ಅಂತ ಸ್ಟೋರ್‌ನವರು ಅದನ್ನೇ ಕೊಡಲು ನೋಡುತ್ತಾರೆ. ಒತ್ತುವಾಗ ಕ್ಯಾನುಲಾ ಕಳಚಿಕೊಂಡು ಕೊಬ್ಬು ನೇರ ಕನ್ನಡಕಕ್ಕೆ ಹಾರುತ್ತದೆ, ಒರೆಸಿದಷ್ಟೂ ಜಿಡ್ಡು.